ಅಳಿಸುವ ಕಮಾಂಡ್, ಓದುವ ಏಜೆಂಟ್

ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಿಂದ ಯಲಹಂಕದ ಪುಟ್ಟ ಸ್ಟಾರ್ಟಪ್‌ಗಳವರೆಗೆ, ಟರ್ಮಿನಲ್‌ನಲ್ಲಿ ಕಮಾಂಡ್ ಕೊಡುವವರು ಈಗ ಎಂಜಿನಿಯರುಗಳಷ್ಟೇ ಅಲ್ಲ. ಎಐ ಏಜೆಂಟ್‌ಗಳೂ ಕೊಡುತ್ತಿವೆ. ಗೊತ್ತಿಲ್ಲದ್ದು ಎದುರಾದಾಗ ಅವು ನೆಚ್ಚುವುದು ಕೈಪಿಡಿಯನ್ನು, ಎರರ್ ಮೆಸೇಜನ್ನು. ಹಾಗಾಗಿ ಮನುಷ್ಯರಿಗೆಂದು ಬರೆದ ಕೈಪಿಡಿಗಳನ್ನು ಈ ಹೊಸ ಓದುಗನ ಕಣ್ಣಿಂದ ಮತ್ತೊಮ್ಮೆ ಓದಬೇಕಾಗಿದೆ. ಪರೀಕ್ಷೆಗೆ ನಾನು ಎತ್ತಿಕೊಂಡಿರುವುದು ‘ಗಿಟ್ ಕ್ಲೀನ್’ ಕಮಾಂಡ್‌ನ ಕೈಪಿಡಿ.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಶುರುಮಾಡಿದ, ಕೋಡ್‌ನ ಬದಲಾವಣೆಗಳ ದಾಖಲೆಯಿಡುವ ಗಿಟ್ ಇಲ್ಲದೆ ಇವತ್ತು ಯಾವ ಸಾಫ್ಟ್‌ವೇರ್ ತಂಡವೂ ನಡೆಯುವುದು ಕಷ್ಟ. ಕಮಿಟ್ ಮಾಡಿದ ಫೈಲ್ ಕೈತಪ್ಪಿ ಹೋದರೆ ಹಳೆಯ ಕಮಿಟ್‌ನಿಂದ ತೆಗೆದುಕೊಳ್ಳಬಹುದು. ಆದರೆ ‘ಕ್ಲೀನ್’ ಅಳಿಸುವುದು ಗಿಟ್‌ಗೆ ಸೇರಿಸದೇ ಇಟ್ಟ ಫೈಲ್‌ಗಳನ್ನು. ಅವು ಹೋದವೆಂದರೆ ಗಿಟ್ ಬಳಿ ನಕಲೇ ಇರುವುದಿಲ್ಲ. ಕೈಪಿಡಿ ಮೊದಲು ಹೇಳಬೇಕಾದ ಮಾತು ಇದು. ಬದಲಿಗೆ ಅಲ್ಲಿ ಶುರುವಿನಲ್ಲೇ ಸಿಗುವುದು, ಬಿಲ್ಡ್‌ನಿಂದ ಹುಟ್ಟಿದ ಫೈಲ್‌ಗಳನ್ನು ತೆಗೆಯಲು ಇದು ಅನುಕೂಲ ಎಂಬ ಉದಾಹರಣೆ.

‘-ಎಕ್ಸ್’ ಆಯ್ಕೆಯ ವಿವರಣೆ ಇನ್ನೂ ಕಳವಳ ಹುಟ್ಟಿಸುತ್ತದೆ. ಗಿಟ್ ಕಡೆಗಣಿಸಬೇಕೆಂದು ನಾವೇ ಗುರುತುಹಾಕಿದ ಫೈಲ್‌ಗಳನ್ನೂ ಇದು ಅಳಿಸುತ್ತದೆ. ಬಿಲ್ಡನ್ನು ಹೊಸದಾಗಿ ಪರೀಕ್ಷಿಸಲು ಶುಭ್ರವಾದ ಫೋಲ್ಡರ್ ಸಿಗುತ್ತದೆ ಎನ್ನುತ್ತದೆ ಕೈಪಿಡಿ. ಆದರೆ ಪಾಸ್‌ವರ್ಡ್, ಎಪಿಐ ಕೀ ಇರುವ ‘ಡಾಟ್ ಎನ್ವ್’ ಫೈಲ್ ಕೂಡ ಸಾಮಾನ್ಯವಾಗಿ ಆ ಕಡೆಗಣಿಸುವ ಪಟ್ಟಿಯಲ್ಲೇ ಇರುತ್ತದೆ. ‘ಬಿಲ್ಡ್ ಕೆಟ್ಟಿದೆ, ಸರಿಮಾಡು’ ಎಂದು ಹೇಳಿಸಿಕೊಂಡ ಏಜೆಂಟ್‌ಗೆ ಈ ಸಾಲು ತನಗೆಂದೇ ಬರೆದ ಹಾಗೆ ಕಾಣುತ್ತದೆ. ಉಪಯೋಗ ಬರೆದವರು ನಷ್ಟ ಬರೆಯಲಿಲ್ಲ.

ಒತ್ತಾಯದ ಆಯ್ಕೆಯಾದ ‘-ಎಫ್’ ಕೊಡದಿದ್ದರೆ ಕಮಾಂಡ್ ಸಾಮಾನ್ಯವಾಗಿ ಅಳಿಸಲು ಒಪ್ಪುವುದಿಲ್ಲ ಎಂಬುದು ನಿಜ. ಮನುಷ್ಯನಿಗೆ ಇದು ಒಳ್ಳೆಯ ತಡೆ: ಕೈ ನಿಲ್ಲುತ್ತದೆ, ತಲೆ ಓಡುತ್ತದೆ. ಆದರೆ ನಿರಾಕರಿಸುವ ಮೆಸೇಜಿನಲ್ಲೇ ‘-ಎಫ್’ ಕೊಟ್ಟಿಲ್ಲ ಎಂದು ಬರೆದಿದೆ. ಕೆಲಸ ಮುಗಿಸುವುದೇ ಗುರಿಯಾದ ಏಜೆಂಟ್ ಅದನ್ನು ಮುಂದಿನ ಹೆಜ್ಜೆಯ ಸೂಚನೆಯೆಂದು ಓದಿ, ‘-ಎಫ್’ ಸೇರಿಸಿ ಮತ್ತೆ ಓಡಿಸಿದರೆ ತಪ್ಪು ಅದರದ್ದಷ್ಟೇ ಅಲ್ಲ.

ಎಲೈಜಾ ನ್ಯೂರೆನ್ ಬರೆದ ‘ಗಿಟ್ ಫಿಲ್ಟರ್-ರೆಪೊ’ ಇದಕ್ಕಿಂತ ಮೇಲು. ರೆಪೊಸಿಟರಿಯ ಇತಿಹಾಸವನ್ನೇ ತಿದ್ದುವ ಅಪಾಯದ ಟೂಲ್ ಅದು. ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲದಿದ್ದರೆ ಕೆಲಸಕ್ಕೆ ಇಳಿಯುವುದಿಲ್ಲ. ಯಾಕೆ ಇಳಿಯುವುದಿಲ್ಲ ಎಂದು ಹೇಳುತ್ತದೆ, ಹೊಸ ಕ್ಲೋನ್ ಮಾಡಿಕೊಳ್ಳಿ ಎನ್ನುತ್ತದೆ, ಒತ್ತಾಯದ ದಾರಿಯನ್ನು ತೋರಿಸುವುದು ಕೊನೆಗೆ. ಈ ಕ್ರಮವೇ ಅದರ ಹೆಚ್ಚುಗಾರಿಕೆ.

ಏಜೆಂಟ್‌ಗಳಿಗೆಂದೇ ರೂಪುಗೊಂಡ ಪ್ರಯತ್ನವೂ ಒಂದಿದೆ. ಎಐ ಕಂಪನಿ ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ, ಏಜೆಂಟ್‌ಗಳನ್ನು ಟೂಲ್‌ಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ಗೆ 2025ರ ಮಾರ್ಚ್ ಆವೃತ್ತಿಯಲ್ಲಿ ಟೂಲ್‌ಗಳ ಸ್ವಭಾವ ಹೇಳುವ ಗುರುತುಗಳು ಸೇರಿದವು. ‘ಇದು ನಾಶ ಮಾಡಬಲ್ಲದು’ ಎಂಬುದು ಅವುಗಳಲ್ಲೊಂದು. ಏನೂ ಬರೆಯದಿದ್ದರೆ ನಾಶ ಮಾಡಬಲ್ಲದೆಂದೇ ಎಣಿಸಬೇಕು ಎಂಬ ನಿಯಮ ನನಗೆ ಬಹಳ ಹಿಡಿಸಿತು. ಆದರೂ ಇದು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತೂಗುಹಾಕಿದ ‘ಅಪಾಯ’ ಫಲಕದಂತೆ. ಲೈನ್‌ಮನ್ ಕಂಬ ಹತ್ತುವುದು ಫಲಕ ಓದಿಕೊಂಡಲ್ಲ, ಲೈನ್ ಕ್ಲಿಯರ್ ಪಡೆದುಕೊಂಡು. ಏನು ಹೋಗುತ್ತದೆ, ಹೋದದ್ದು ಮರಳುತ್ತದೆಯೇ, ಯಾರನ್ನು ಕೇಳಬೇಕು ಎಂಬುದು ಒಂದು ಹೌದು–ಇಲ್ಲ ಗುರುತಿನಲ್ಲಿ ಹಿಡಿಸುವುದಿಲ್ಲ.

ಬರೆದದ್ದನ್ನು ಏಜೆಂಟ್ ಕೇಳೀತೇ ಎಂಬ ಪ್ರಶ್ನೆಯೂ ಇದೆ. 2025ರ ಜುಲೈನಲ್ಲಿ ಕೋಡಿಂಗ್ ವೇದಿಕೆ ರೆಪ್ಲಿಟ್‌ನ ಏಜೆಂಟ್, ಕೋಡ್ ಫ್ರೀಜ್ ಇದೆ, ಏನನ್ನೂ ಮುಟ್ಟಬೇಡ ಎಂದಿದ್ದರೂ ಅದನ್ನು ಬಳಸುತ್ತಿದ್ದ ಉದ್ಯಮಿ ಜೇಸನ್ ಲೆಮ್ಕಿನ್ ಅವರ ಪ್ರೊಡಕ್ಷನ್ ಡೇಟಾಬೇಸನ್ನು ಅಳಿಸಿತು. ಡೆವಲಪ್‌ಮೆಂಟ್ ಮತ್ತು ಪ್ರೊಡಕ್ಷನ್ ಡೇಟಾಬೇಸ್‌ಗಳನ್ನು ತಾನಾಗಿಯೇ ಬೇರ್ಪಡಿಸುವ ವ್ಯವಸ್ಥೆಯನ್ನು ಕಂಪನಿ ಆಮೇಲೆ ತಂದಿತು. ಬರಹವೊಂದೇ ಕಾಯುವುದಿಲ್ಲ, ಒಪ್ಪುತ್ತೇನೆ. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಸಂಗತಿಯಿದೆ. ರೋಲ್‌ಬ್ಯಾಕ್ ಸಾಧ್ಯವಿಲ್ಲ ಎಂದು ಏಜೆಂಟ್ ಹೇಳಿತ್ತು. ಲೆಮ್ಕಿನ್ ಮಾಡಿ ನೋಡಿದಾಗ ಡೇಟಾ ಮರಳಿ ಬಂತು. ಅಳಿಸಿದ ಮೇಲೂ ಅದಕ್ಕೆ ತಾನು ಮಾಡಿದ ಕೆಲಸದ ಪರಿಣಾಮ ತಿಳಿದಿರಲಿಲ್ಲ.

ಆದ್ದರಿಂದ ‘ಗಿಟ್ ಕ್ಲೀನ್’ ನಿರಾಕರಿಸುವಾಗ ಹೀಗೆ ಹೇಳಲಿ: ‘ಅಳಿಸಿದ ಫೈಲ್‌ಗಳ ನಕಲು ಗಿಟ್‌ನಲ್ಲಿ ಇರುವುದಿಲ್ಲ. ಮೊದಲು, ಏನನ್ನೂ ಅಳಿಸದೆ ಪಟ್ಟಿ ಮಾತ್ರ ತೋರಿಸುವ -ಎನ್ ಕೊಟ್ಟು, ಬರುವ ಪಟ್ಟಿಯನ್ನು ಈ ಫೋಲ್ಡರ್ ಯಾರದೋ ಅವರಿಗೆ ತೋರಿಸಿ.’ ‘-ಎಫ್’ನ ಹೆಸರು ಕೈಪಿಡಿಯಲ್ಲಿ ಇರಲಿ, ಈ ಮೆಸೇಜಿನಲ್ಲಿ ಬೇಡ.