ಕೊನೆಯ ಪುಟ ಯಾರ ಕೈಲಿದೆ?

ಪತ್ತೇದಾರಿ ಕಾದಂಬರಿ ಓದುವವರು ಹಗುರ ಜನ, ಹೊತ್ತು ಹೋಗದೆ ಓದುವವರು ಎಂಬ ಮಾತು ನಮ್ಮ ವಿಮರ್ಶೆಯಲ್ಲಿ ಬಹಳ ಕಾಲದಿಂದ ಇದೆ. ನವ್ಯದವರು ಇದನ್ನು ಬಾಯಿಬಿಟ್ಟೇ ಹೇಳಿದರು. ಪ್ರಗತಿಪರರೆನಿಸಿಕೊಂಡ ನಮ್ಮವರೂ ಒಳಗೊಳಗೇ ಒಪ್ಪಿಕೊಂಡರು, ಹೋರಾಟಕ್ಕೆ ಇದರಿಂದ ಏನು ಉಪಯೋಗ ಅಂದರು. ಆದರೆ ನಾವು ಅಕ್ಷರ ಕೂಡಿಸಿ ಒಂದು ಪುಸ್ತಕವನ್ನು ಮುಗಿಸುವುದು ಕಲಿತದ್ದೇ ಇಂಥ ಪುಸ್ತಕಗಳಿಂದ. ಅದನ್ನು ಮುಚ್ಚಿಟ್ಟು, ಹುಟ್ಟಿದಂದಿನಿಂದ ಮಹಾಕಾವ್ಯ ಓದಿ ಬೆಳೆದೆವು ಅಂತ ಹೇಳಿಕೊಳ್ಳುವ ನಾಚಿಕೆಗೇಡು ನಮಗೆ ಬೇಡ.

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ನಮ್ಮ ಕೇರಿಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಇದ್ದ ಮನೆ ಇರಲಿಲ್ಲ. ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದ ತೋಟದ ಮನೆಯಿಂದ, ರದ್ದಿಗೆ ಹಾಕಿದ್ದ ಪುಸ್ತಕವೊಂದನ್ನು ಟವಲಿನಲ್ಲಿ ಸುತ್ತಿಕೊಂಡು ಬಂದ. ಅದಕ್ಕೆ ಮುಖಪುಟ ಇರಲಿಲ್ಲ. ಬರೆದವರು ಯಾರೆಂದು ಇಂದಿಗೂ ತಿಳಿಯದು. ಒಬ್ಬ ಸಾಹುಕಾರನ ಕೊಲೆಯಾಗಿರುತ್ತದೆ. ರಾತ್ರಿ ಉಂಡ ಮೇಲೆ ನಾವು ಗಟ್ಟಿಯಾಗಿ ಓದುವುದು, ಅಕ್ಷರ ಗೊತ್ತಿಲ್ಲದ ಅಪ್ಪ ಅವ್ವ ಕೇಳುವುದು. ಮೂರನೇ ರಾತ್ರಿ ಅಪ್ಪ ಅಂದ: "ನೋಡ್ತಿರು ಮಗ, ಮೊದ್ಲು ಆಳಿನ ಮ್ಯಾಲೆ ಹಾಕ್ತಾರೆ." ಹಾಗೇ ಆಯಿತು. ಎರಡು ಪುಟ ತಿರುವುವಷ್ಟರಲ್ಲಿ ಮನೆಯ ಆಳುಹುಡುಗನನ್ನು ಠಾಣೆಗೆ ಎಳೆದುಕೊಂಡು ಹೋದರು. "ನಿಂಗೆಂಗ್ ಗೊತ್ತಾಯ್ತಪ್ಪ?" ಅಂದರೆ, "ಇದುಕ್ಕೂ ಓದ್ಬೇಕೇನ್ಲಾ?" ಅಂದ.

ಐದನೇ ರಾತ್ರಿ ಕೊನೆಗೆ ಬಂದೆವು. ಕೊನೆಯ ಪುಟಗಳು ಹರಿದುಹೋಗಿದ್ದವು. ಆಮೇಲೆ ಎಷ್ಟೋ ದಿನ ಅವ್ವ ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದಳು: "ಆ ಹುಡುಗುನ್ನ ಬುಟ್ರಂತೇನ್ಲಾ?" ಸಾಹುಕಾರನನ್ನು ಕೊಂದವನು ಯಾರು ಅಂತ ಅವಳು ಒಂದು ದಿನವೂ ಕೇಳಲಿಲ್ಲ. ನಾವೀಗ ಬರೆಯುತ್ತಿರುವುದು ಅವ್ವನ ಆ ಪ್ರಶ್ನೆಯನ್ನು ಬೆನ್ನುಹತ್ತಿ.

ಗುಟ್ಟಿನ ಕತೆಗೆ ನಾವು ಯಾಕೆ ಮರುಳಾಗುತ್ತೇವೆ? ಮುಂದೇನು ಎಂಬ ಕುತೂಹಲ ಎಲ್ಲ ಕತೆಯಲ್ಲೂ ಇದೆ. ಪತ್ತೇದಾರಿಯಲ್ಲಿ ಇರುವುದು ಬೇರೆ. ಅಲ್ಲಿ ಸುಳಿವು ಎಲ್ಲರ ಕಣ್ಣೆದುರಿಗೇ ಬಿದ್ದಿರುತ್ತದೆ. ಹೆಜ್ಜೆ ಗುರುತು, ಹರಿದ ಗುಂಡಿ, ಆರಿಹೋದ ದೀಪ. ಇವನ್ನು ಓದಲು ಕುಲಗೋತ್ರ ಬೇಡ, ಉಪನಯನ ಬೇಡ. ಕಣ್ಣಿದ್ದರೆ, ಯಾಕೆ ಹೀಗೆ ಅಂತ ಕೇಳುವ ಬುದ್ಧಿಯಿದ್ದರೆ ಸಾಕು. ಸುಳಿವಿನ ಮುಂದೆ ಎಲ್ಲರೂ ಸಮ. 'ಯಾಕೆ' ಅಂದದ್ದಕ್ಕೆ ತಲೆತಲಾಂತರದಿಂದ ಒದೆ ತಿಂದ ಜನಕ್ಕೆ ಈ ಆಟ ರುಚಿಸದೆ ಇದ್ದೀತೆ? ನಮ್ಮ ಹೆಂಗಸರು ನಾಟಿ ಮಾಡುತ್ತಾ ಒಗಟು ಹಾಕುತ್ತಿದ್ದರು. ಹೇಳಿದವಳೂ ಬಿಡಿಸಿದವಳೂ ಒಂದೇ ಕೆಸರಿನಲ್ಲಿ ನಿಂತಿರುತ್ತಿದ್ದರು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಜಾತಿಯ ಗುಟ್ಟಿದೆ. ಅದು ಬಿಡಿಸಲು ಇರುವುದಲ್ಲ, ಮುಚ್ಚಿಡಲು ಇರುವುದು. ಚಿದಂಬರದ ಗುಡಿಯಲ್ಲಿ ತೆರೆ ಸರಿಸಿದರೆ ಕಾಣುವುದು ಚಿನ್ನದ ಬಿಲ್ವಪತ್ರೆಯ ಮಾಲೆಗಳು ಇಳಿಬಿದ್ದ ಬರೀ ಬಯಲು. ಅದನ್ನೇ ಚಿದಂಬರ ರಹಸ್ಯ ಅನ್ನುತ್ತಾರೆ. ಅದಕ್ಕೆ ದೊಡ್ಡ ತತ್ವಾರ್ಥ ಹೇಳುವವರಿದ್ದಾರೆ, ಹೇಳಿಕೊಳ್ಳಲಿ. ನಾವು ನೋಡುವುದು ತೆರೆಯ ಹಗ್ಗ ಯಾರ ಕೈಲಿದೆ ಎಂಬುದನ್ನು. ಕಿವಿಯಲ್ಲಿ ಉಸುರುವ ಮಂತ್ರ, ಕೇಳಿದರೆ ಪಾಪ ಅನ್ನುವ ವೇದ, ಒಳಗೆ ಬರಬಾರದು ಅನ್ನುವ ಗರ್ಭಗುಡಿ, ಇವೆಲ್ಲ ಪುರೋಹಿತಶಾಹಿಯ ರಹಸ್ಯಗಳು. ಬಿಡಿಸಿದರೆ ಅವು ಸತ್ತುಹೋಗುತ್ತವೆ. ಪತ್ತೇದಾರಿ ಕತೆಯಾದರೋ ಬಿಡಿಸದೆ ಹೋದರೆ ಸತ್ತುಹೋಗುತ್ತದೆ. ಒಂದೇ 'ರಹಸ್ಯ' ಎಂಬ ಪದದಲ್ಲಿ ಎರಡನ್ನೂ ಕಟ್ಟಿ ನಮ್ಮ ಕಣ್ಣು ಕಟ್ಟಿದ್ದಾರೆ.

ಕನ್ನಡದಲ್ಲಿ ಇಬ್ಬರು ನರಸಿಂಹಯ್ಯರಿದ್ದರು. ಎನ್. ನರಸಿಂಹಯ್ಯ ನಾಲ್ಕನೇ ತರಗತಿಯವರೆಗೆ ಓದಿದವರು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. 2011ರಲ್ಲಿ ತೀರಿಕೊಂಡರು. ಇನ್ನೊಬ್ಬರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಓದುವುದಕ್ಕೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಭೌತವಿಜ್ಞಾನ ಕಲಿತು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ಮಾಡಿದರು. ಗಾಳಿಯಿಂದ ವಿಭೂತಿ ತೆಗೆಯುವ ಪುಟ್ಟಪರ್ತಿಯ ಬಾಬಾಗೆ, ಪರೀಕ್ಷೆಗೆ ಒಪ್ಪಿಕೊಳ್ಳಿ ಅಂತ ಕಾಗದ ಬರೆದರು. ಉತ್ತರ ಬರಲಿಲ್ಲ. ಒಬ್ಬರು ಕತೆಯಲ್ಲಿ ಮಾಡಿದ್ದನ್ನು ಇನ್ನೊಬ್ಬರು ವಿಜ್ಞಾನದಲ್ಲಿ ಮಾಡಿದರು. ಇಬ್ಬರೂ ಕೇಳಿದ್ದು ಒಂದೇ: ತೆರೆ ಸರಿಸು, ನೋಡೋಣ. ಇಬ್ಬರೂ ಉಳ್ಳವರ ಮನೆಯ ಮಕ್ಕಳಲ್ಲ ಎಂಬುದು ಆಕಸ್ಮಿಕ ಅಂತ ನಮಗೆ ಅನ್ನಿಸುವುದಿಲ್ಲ.

ಇಷ್ಟು ಮೆಚ್ಚಿದ ಮೇಲೆ ಜಗಳಕ್ಕೂ ಬರಬೇಕು. ಪತ್ತೇದಾರಿ ಕತೆ ಎಲ್ಲರ ಕಣ್ಣಿಗೂ ಸುಳಿವು ಕೊಟ್ಟಿತು, ನಿಜ. ಆದರೆ ಹೆಣ ಮಾತ್ರ ಯಾವಾಗಲೂ ಬಂಗಲೆಯಲ್ಲೇ ಬಿತ್ತು. ಉಯಿಲು, ವಜ್ರದ ಹಾರ, ಎಸ್ಟೇಟು. ಆಳು, ಅಡಿಗೆಯವಳು, ತೋಟದ ಮಾಲಿ ಬರುವುದು ಸಂಶಯ ಹೊರುವುದಕ್ಕೆ. ಕೊನೆಗೆ ಅವರು ನಿರಪರಾಧಿಗಳಾದರೂ ಪತ್ತೇದಾರನ ಜಾಣತನ ತೋರಿಸಲು ಆದವರೇ ಹೊರತು ಅವರ ನೋವಿನ ಸಲುವಾಗಿ ಅಲ್ಲ. ಠಾಣೆಯಲ್ಲಿ ಬಿದ್ದ ಏಟು ಯಾವ ಅಧ್ಯಾಯದಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನಿಗೆ ಮೊದಲೇ ಗೊತ್ತಾದದ್ದು ಇದು.

ಈ ಆಟವನ್ನು ತಲೆಕೆಳಗು ಮಾಡಿದವರು ದೇವನೂರ ಮಹಾದೇವ. 'ಒಡಲಾಳ'ವನ್ನು ಯಾರೂ ಪತ್ತೇದಾರಿ ಕತೆ ಅಂದಿಲ್ಲ. ನಾವು ಅನ್ನುತ್ತೇವೆ. ಅಲ್ಲಿ ಸಾಕವ್ವನ ಹುಂಜ ಕಳೆದುಹೋಗಿದೆ, ಕಡಲೆಕಾಯಿ ಕಳವಾಗಿದೆ, ಪೊಲೀಸರು ಗುಡಿಸಲು ಶೋಧಿಸುತ್ತಾರೆ. ಪತ್ತೇದಾರಿಗೆ ಬೇಕಾದ್ದೆಲ್ಲ ಇದೆ. ಆದರೆ ಕದ್ದವರು ಯಾರೆಂದು ನಮಗೆ ಮೊದಲೇ ಗೊತ್ತು. ಪುರಾವೆಯನ್ನು ರಾತ್ರಿಯೆಲ್ಲಾ ಕೂತು ಇಡೀ ಮನೆಯೇ ತಿಂದು ಮುಗಿಸಿದೆ. ಓದುಗನಾದವನು ಮೊಟ್ಟಮೊದಲ ಬಾರಿಗೆ, ಶೋಧಿಸುವವನು ಸೋಲಲಪ್ಪಾ ಅಂತ ಹಾರೈಸುತ್ತಾನೆ. ಕದ್ದವರು ಯಾರು ಎಂಬ ಪ್ರಶ್ನೆ ಬಿದ್ದುಹೋಗಿ, ಇವರು ಯಾಕೆ ಹಸಿದಿದ್ದಾರೆ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಕತೆಯ ನಿಜವಾದ ಗುಟ್ಟು ಅದೇ.

ವಿಜ್ಞಾನದ ಕಡೆ ನೋಡಿದರೆ ನಮ್ಮಲ್ಲಿ ಎಲ್ಲರೂ ಬಲ್ಲ ಪುಸ್ತಕ ತೇಜಸ್ವಿಯವರ 'ಕರ್ವಾಲೊ', 1980ರದ್ದು. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ, ಊರವರು ದಂಡಪಿಂಡ ಎಂದುಕೊಂಡ ಮಂದಣ್ಣನನ್ನು ಗೌರವದಿಂದ ಕಾಣುತ್ತಾನೆ. ಯಾಕೆಂದರೆ ಓತಿಯನ್ನು ಕಂಡ ಕಣ್ಣು ಮಂದಣ್ಣನದು. ತೇಜಸ್ವಿ ಕೊಟ್ಟ ಈ ಗೌರವ ಸಣ್ಣದಲ್ಲ. ಆದರೂ ಕೇಳಬೇಕಾದ್ದನ್ನು ಕೇಳಿಬಿಡೋಣ: ಕಂಡವನು ಮಂದಣ್ಣ, ಅರ್ಥ ಹೇಳುವವನು ಕರ್ವಾಲೊ, ಕತೆ ಬರೆಯುವವನು ಇನ್ನೊಬ್ಬ. ಮಂದಣ್ಣನೇ ಬರೆದಿದ್ದರೆ ಓತಿ ಹೇಗೆ ಹಾರುತ್ತಿತ್ತು?

ನಮ್ಮ ಸೀಮೆಯಲ್ಲೇ ಇದಕ್ಕೆ ಒಂದು ಸಾಕ್ಷಿಯಿದೆ. 1998ರಲ್ಲಿ ಕೇರಳದಲ್ಲಿ ಗುರುತಿಸಿದ ತೆಂಗಿನ ನುಸಿ, ಬೇಗನೆ ತಿಪಟೂರು, ಅರಸೀಕೆರೆ ಕಡೆಯ ತೋಟಗಳಿಗೂ ಬಂತು. ಬರಿಗಣ್ಣಿಗೆ ಕಾಣದ ಹುಳ, ಉದ್ದ ಮಿಲಿಮೀಟರಿನ ಕಾಲುಭಾಗ. ಎಳೆಕಾಯಿಯ ತೊಟ್ಟಿನ ಟೊಪ್ಪಿಗೆಯ ಅಡಿ ಸೇರಿ ರಸ ಹೀರುತ್ತದೆ. ಮೊದಲು ಬಿಳಿಚಿದ ಮುಕ್ಕೋನದ ಮಚ್ಚೆ, ಆಮೇಲೆ ಕಂದು ಬಣ್ಣದ ಬಿರುಕು, ಕಾಯಿ ಚಿಕ್ಕದು, ಕೊಬ್ಬರಿ ಕಡಿಮೆ. ಇದು ಪುಸ್ತಕದಲ್ಲಿದೆ. ಅಪ್ಪನ ಮಾತಿನಲ್ಲಿ ಇರುವುದು ಇನ್ನೊಂದು: "ಸಿಪ್ಪೆ ಕಚ್ಕೊಂಡು ಬತ್ತಿರ್ನಿಲ್ಲ ಕಣ್ಲಾ. ಸಾವ್ರ ಕಾಯಿ ಸುಲಿಯೋ ಕೈಯಿ ಐನೂರುಕ್ಕೇ ಸೋಲೋದು." ನುಸಿ ಹತ್ತಿದ ಕಾಯಿಯ ಸಿಪ್ಪೆ ಬಿಗಿದುಕೊಳ್ಳುತ್ತದೆ, ಸುಲಿಯುವುದು ಕಷ್ಟ ಎಂದು ಕೃಷಿ ವಿಜ್ಞಾನವೂ ಹೇಳುತ್ತದೆ. ಆದರೆ ಕಾಯಿ ಲೆಕ್ಕದ ಮೇಲೆ ಕೂಲಿ ಪಡೆಯುವವನಿಗೆ ಅದು ಮೊದಲು ತಿಳಿದದ್ದು ರಟ್ಟೆಯಲ್ಲಿ, ಆಮೇಲೆ ಸಂಜೆಯ ಕೂಲಿಯಲ್ಲಿ. ಅವನನ್ನು ಏನಾಯ್ತಪ್ಪ ಅಂತ ಕೇಳಲು ಯಾರೂ ಬರಲಿಲ್ಲ. ಸುಳಿವು ಇದ್ದದ್ದು ನಮ್ಮ ಕೈಯಲ್ಲಿ, ಪತ್ತೇದಾರಿಕೆ ಮಾತ್ರ ಬೇರೆ ಕಡೆ.

ಈಗ ಶಿವಮೊಗ್ಗ ಜಿಲ್ಲೆಗೆ ಹೋಗೋಣ. ಒಂದೇ ಜಿಲ್ಲೆಯಲ್ಲಿ ಎರಡು ನಿಗೂಢ ಕಾಯಿಲೆಗಳು ಬೆಳಕಿಗೆ ಬಂದವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಜನ ಜ್ವರಕ್ಕೆ ಬಿದ್ದರು. ಅಮೆರಿಕಾ, ಆಫ್ರಿಕಾ ಖಂಡಗಳ ಹಳದಿ ಜ್ವರ ಏಷ್ಯಾಕ್ಕೂ ಬಂತೋ ಏನೋ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಅದೇ ವರ್ಷ ವೈರಸ್ ಸಿಕ್ಕಿತು. ಹಳದಿ ಜ್ವರವಲ್ಲ, ಹೊಸದು. ಹರಡುವುದು ಕಾಡಿನ ಉಣುಗಿನಿಂದ ಎಂದೂ ಗೊತ್ತಾಯಿತು. ಮಂಗನ ಕಾಯಿಲೆಯ ಈ ಪತ್ತೆ ಯಾವ ಕಾದಂಬರಿಗೂ ಕಡಿಮೆಯಿಲ್ಲ. ನಾವು ಅದನ್ನು ಓದಿ ಖುಷಿಪಟ್ಟಿದ್ದೇವೆ.

ಇನ್ನೊಂದು ಸಾಗರ ತಾಲ್ಲೂಕಿನ ಹಂದಿಗೋಡಿನದು. 1974-75ರ ಸುಮಾರಿಗೆ ಅಲ್ಲಿ ಜನ ಸೊಂಟ, ಮಂಡಿ ಹಿಡಿದು ನಡೆಯಲಾರದೆ ಕೂತರು. ಕೆಲವರು ಕುಳ್ಳಗೇ ಉಳಿದರು. ನರಳಿದವರು ಹೆಚ್ಚುಕಡಿಮೆ ಎಲ್ಲರೂ ಚಲವಾದಿ, ಚನ್ನಂಗಿ ಕೇರಿಗಳವರು, ದಲಿತರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯೊಳಗೆ ಸೇರಿ, ಆ ಏಡಿ ತಿಂದದ್ದರಿಂದ ಹೀಗಾಯಿತೇ ಎಂಬ ಸಂಶಯ ಬಂತು. ವಿಜ್ಞಾನಿಗಳು ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೈದರಾಬಾದಿನ ಪೌಷ್ಟಿಕತಾ ಸಂಸ್ಥೆಯವರು ಬಂದರು, ಇದು ವಂಶದಲ್ಲಿ ಬರುವ ಕಾಯಿಲೆ ಎಂಬುದನ್ನು 1977ರಲ್ಲೇ ಗುರುತಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎಂದು ಮುಂದಿನ ಸಂಶೋಧನೆಗಳು ಹೇಳಿದವು. ಹೆಸರು ಸಿಕ್ಕಿತು, ಬಂದ ದಾರಿ ಸಿಕ್ಕಿತು, ಗುಣವಾಗುವ ಮದ್ದು ಸಿಗಲಿಲ್ಲ. ಪತ್ರಿಕೆಗಳಲ್ಲಿ ಮಾತ್ರ ಅದು ಬಹುಕಾಲ 'ನಿಗೂಢ ಕಾಯಿಲೆ'ಯಾಗಿಯೇ ಉಳಿಯಿತು. ಓದುವವನಿಗೆ ನಿಗೂಢ ಎಂಬ ಪದದಲ್ಲಿ ಒಂದು ಪುಳಕವಿದೆ. ಬಚ್ಚಲಿಗೆ ತೆವಳಿಕೊಂಡು ಹೋಗುವವನಿಗೆ ಯಾವ ಪುಳಕ?

ಇನ್ನೂ ಒಂದು ಸುಳಿವು ಅಲ್ಲೇ ಇದೆ, ವೈದ್ಯರ ಚೀಟಿಯಲ್ಲಿ ಬರೆಯಲಾರದ ಸುಳಿವು. ರಕ್ತಕ್ಕೆ ಜಾತಿ ಗೊತ್ತಿಲ್ಲ. ಹಾಗಿದ್ದರೆ ಈ ಕಾಯಿಲೆ ಎರಡೇ ಕೇರಿಗಳೊಳಗೆ ಯಾಕೆ ಕೂತಿತು? ಮದುವೆಗೆ ಗೋಡೆ ಕಟ್ಟಿದ್ದರಿಂದ. ಕಾಯಿಲೆ ಊರಿಗೆಲ್ಲ ಹರಡಲಿ ಎಂಬುದು ನಮ್ಮ ಮಾತಲ್ಲ. ಗೋಡೆ ಕಾಯಿಲೆಯನ್ನು ಒಳಗೆ ಇಟ್ಟ ಹಾಗೆ, ಊರಿನ ಕರುಳನ್ನೂ ಹೊರಗೇ ಇಟ್ಟಿತು ಎಂಬುದು ನಮ್ಮ ಮಾತು.

ಆ ಗೋಡೆಯನ್ನು ಕಟ್ಟಿದ್ದು ಯಾರು, ಯಾವಾಗ? ನಮ್ಮ ದೇಶದ ಅತಿದೊಡ್ಡ ಪತ್ತೇದಾರಿ ಪ್ರಶ್ನೆ ಇದು. ಇದನ್ನು ಬೆನ್ನುಹತ್ತಿದವರು ಬಾಬಾಸಾಹೇಬರು. 1948ರ ಅವರ ಪುಸ್ತಕದ ಹೆಸರೇ ಪ್ರಶ್ನೆ: ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದುದು ಏಕೆ? ಕೇರಿ ಊರ ಹೊರಗೆ ಯಾಕಿದೆ, ದನದ ಮಾಂಸಕ್ಕೂ ಮೈಲಿಗೆಗೂ ಏನು ನಂಟು ಎಂದು ಒಂದೊಂದೇ ಸುಳಿವು ಹೆಕ್ಕುತ್ತಾರೆ, ಸ್ಮೃತಿಗಳನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತಾರೆ. ಅವರ ಎಲ್ಲ ತೀರ್ಮಾನಗಳನ್ನೂ ಇತಿಹಾಸಕಾರರು ಒಪ್ಪಿಲ್ಲ, ವಾದ ನಡೆಯಲಿ. ಆದರೆ ಕರ್ಮ, ಹಣೆಬರಹ ಎಂದು ತೆರೆ ಎಳೆದಿದ್ದ ವಿಷಯವನ್ನು ಅವರು ಬಿಡಿಸಬಹುದಾದ ಗುಟ್ಟಾಗಿ ಮಾಡಿದರು. ಇದನ್ನು ಯಾರೋ ಮಾಡಿದ್ದಾರೆ ಎಂದರು. ಮಾಡಿದ್ದನ್ನು ಮುರಿಯಬಹುದು.

ಕೊನೆಯದಾಗಿ, ಎಲ್ಲ ಗೊತ್ತಿದ್ದೂ ಗುಟ್ಟಾಗಿ ಉಳಿಯುವ ಬಗೆಯೊಂದಿದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರ ರಾತ್ರಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಪ್ರಕಾರ ಆ ಏಳು ಜನರನ್ನು ಯಾರೂ ಸುಡಲಿಲ್ಲ. ಇದು ಹರಿದ ಪುಟವಲ್ಲ, ಹರಿದುಹಾಕಿದ ಪುಟ. ಕತೆಯಲ್ಲಿ ಒಬ್ಬ ಸಾಹುಕಾರನ ಕೊಲೆಗೆ ಇನ್ನೂರು ಪುಟ ಓಡಾಡುವ ಸಮಾಜ, ಏಳು ಜನರ ಸಾವಿಗೆ ಒಂದು ಹೆಸರನ್ನೂ ಹೇಳಲಾರದೆ ಹೋಯಿತು.

ಆದ್ದರಿಂದ ಹಳ್ಳಿಶಾಲೆಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ಹುಡುಗರ ಕೈಲಿ ಪತ್ತೇದಾರಿ ಪುಸ್ತಕ ಕಂಡರೆ ಕಿತ್ತುಕೊಳ್ಳಬೇಡಿ. ಓದಲಿ. ಓದಿದ ಮೇಲೆ ಮೂರು ಪ್ರಶ್ನೆ ಕೇಳಿ: ಸಂಶಯ ಮೊದಲು ಯಾರ ಮೇಲೆ ಬಿತ್ತು? ಯಾಕೆ ಬಿತ್ತು? ಆಮೇಲೆ ಅವನ ಗತಿ ಏನಾಯಿತು? ಈ ಮೂರು ಕೇಳಲು ಕಲಿತ ಹುಡುಗ ವಿಜ್ಞಾನವನ್ನೂ ಓದುತ್ತಾನೆ, ಪತ್ರಿಕೆಯನ್ನೂ ಓದುತ್ತಾನೆ, ಕೋರ್ಟಿನ ತೀರ್ಪನ್ನೂ ಓದುತ್ತಾನೆ. ನಮ್ಮ ಬರೆಯುವ ಗೆಳೆಯರಿಗೆ ಹೇಳುವುದೂ ಇಷ್ಟೇ. ಹಸಿವನ್ನು ಬರೆದೆವು, ಅವಮಾನವನ್ನು ಬರೆದೆವು, ಸಿಟ್ಟನ್ನು ಬರೆದೆವು. ಇನ್ನು ತನಿಖೆಯನ್ನೂ ಬರೆಯಬೇಕು. ಕಾಯಿ ಸುಲಿಯುವವನ ರಟ್ಟೆಗೆ ಗೊತ್ತಿರುವುದನ್ನು, ಹಂದಿಗೋಡಿನ ಮಂಡಿಗೆ ಗೊತ್ತಿರುವುದನ್ನು ಸಾಕ್ಷಿಯಾಗಿ ಬರೆಯಬೇಕು.

ಅವ್ವ ಈಗಲೂ ಇದ್ದಾಳೆ. ನಾವು ಡಿಗ್ರಿ ಮುಗಿಸಿ ಬಂದ ದಿನ ಸುಮ್ಮನೆ ಆ ಪುಸ್ತಕದ ಮಾತು ತೆಗೆದೆವು. ಅವಳಿಗೆ ಸಾಹುಕಾರನ ಹೆಸರು ಮರೆತುಹೋಗಿತ್ತು. ಆಳುಹುಡುಗನ ಹೆಸರು ನೆನಪಿತ್ತು. "ಇಷ್ಟ್ ಓದಿದ್ದೀಯಲ್ಲ, ನೀನೇ ಬರ್ದ್ ಬುಟ್ಟಿ ಬುಡುಸ್ಲಾ ಅವುನ್ನ" ಅಂದಳು.