ಕ್ಷೇಮ ಸಮಾಚಾರದ ಆಚೆಗೆ

ಊರಿಗೆ ಕಾಗದ ಬರೆಯುವಾಗ ‘ನಾವೆಲ್ಲ ಕ್ಷೇಮ’ ಎಂದೇ ಆರಂಭಿಸುವುದು ನಮ್ಮ ರೂಢಿ. ಡ್ರೋಹೆಡಾದ ಚಳಿಗಾಲ, ಆಸ್ಪತ್ರೆಯ ರಾತ್ರಿ ಪಾಳಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು, ಇವೊಂದೂ ಆ ಕಾಗದಕ್ಕೆ ಇಳಿಯುವುದಿಲ್ಲ. ಹೆತ್ತವರ ನೆಮ್ಮದಿಗೆ ಅದು ಸರಿಯೇ. ಆದರೆ ಪ್ರಬಂಧ, ಆತ್ಮಕಥೆಗಳೂ ಬರೀ ಕ್ಷೇಮ ಸಮಾಚಾರವಾದರೆ ಓದುವವರಿಗೆ ದಕ್ಕುವುದೇನು? ಬರೆಯುವವರು ತಮ್ಮ ನೋವು, ಅವಮಾನಗಳನ್ನು ಎಷ್ಟು ಬಿಚ್ಚಿಡಬೇಕು?

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಒಂದು ಪ್ರಸಂಗ ನೋಡೋಣ. ಇಬ್ಬರು ಮನುಷ್ಯರ ಹೆಗಲಿಗೆ ನೊಗವಿಟ್ಟು ಹೊಲ ಉಳುತ್ತಿದ್ದಾರೆ. ನೋಡುವ ಹುಡುಗನಿಗೆ ಮೊದಲು ಅದು ತಮಾಷೆ. ಅವರಲ್ಲೊಬ್ಬರು ತನ್ನ ಅಪ್ಪನೆಂದು ತಿಳಿದಾಗ ಸಂಕಟ. ಇಲ್ಲಿ ಲೇಖಕರು ಗೋಳಾಡುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ತನಗೆ ಮೊದಲು ತಮಾಷೆಯೆನಿಸಿದ್ದನ್ನು ಮಾತ್ರ ಮುಚ್ಚಿಡುವುದಿಲ್ಲ. ಬಡತನದ ವಿವರಕ್ಕಿಂತ ಈ ಪ್ರಾಮಾಣಿಕತೆಯೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ವಿಜಯಾ ಅವರ ‘ಕುದಿ ಎಸರು’ ಇನ್ನೂ ಕಷ್ಟದ ಜಾಗಕ್ಕೆ ಕೈಹಾಕುತ್ತದೆ: ದಾಂಪತ್ಯದೊಳಗಿನ ಹಿಂಸೆ. ಮನೆಯ ಮಾತು ಬೀದಿಗೆ ಬರಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಮಾತು ಮನೆಯೊಳಗೆ ಯಾರನ್ನು ಕಾಪಾಡುತ್ತದೆ, ಯಾರನ್ನು ಬಾಯಿ ಮುಚ್ಚಿಸುತ್ತದೆ ಎಂದು ಈ ಪುಸ್ತಕ ಓದಿದವರು ಯೋಚಿಸದೆ ಇರಲಾರರು.

ನಾವಿರುವ ಈ ನಾಡಿನಲ್ಲೂ ಇದೇ ಚರ್ಚೆ ನಡೆದಿದೆ. 1996ರಲ್ಲಿ ಎರಡು ಪುಸ್ತಕಗಳು ಬಂದವು. ಅಂಕಣಗಾರ್ತಿ ನುವಾಲಾ ಓಫೋಲಾನ್ ತಮ್ಮ ಅಂಕಣಗಳ ಸಂಗ್ರಹಕ್ಕೆಂದು ಬರೆಯತೊಡಗಿದ ಮುನ್ನುಡಿ ಬೆಳೆದು ‘ಆರ್ ಯು ಸಮ್‌ಬಡಿ?’ ಎಂಬ ಆತ್ಮಕಥೆಯಾಯಿತು. ತಾಯಿಯ ಕುಡಿತ, ತಮ್ಮ ಒಂಟಿತನ ಎಲ್ಲವನ್ನೂ ಬರೆದರು. ಓದುಗರಿಂದ ಕಾಗದಗಳು ಹರಿದುಬಂದವು. ಫ್ರಾಂಕ್ ಮೆಕೋರ್ಟ್ ಅವರ ‘ಏಂಜೆಲಾಸ್ ಆಶಸ್’ 1997ರಲ್ಲಿ ಪುಲಿಟ್ಜರ್ ಪಡೆಯಿತು. ಆದರೆ ಲಿಮರಿಕ್‌ನ ಅನೇಕರು, ಊರಿನ ಬಡತನವನ್ನು ಉತ್ಪ್ರೇಕ್ಷಿಸಿದ್ದಾರೆಂದು ಸಿಟ್ಟಾದರು. ತಾಯಿ ಏಂಜೆಲಾ 1981ರಲ್ಲೇ ತೀರಿಕೊಂಡಿದ್ದರು. ತಮ್ಮ ಬಗ್ಗೆ ಮಗ ಬರೆದದ್ದಕ್ಕೆ ಹೌದು, ಅಲ್ಲ ಎನ್ನಲು ಅವರಿರಲಿಲ್ಲ.

ತೊಡಕಿರುವುದು ಇಲ್ಲೇ. ನಮ್ಮ ಗಾಯ ತೋರಿಸಲು ಹೊರಟರೆ ಹೆತ್ತವರ, ಸಂಗಾತಿಯ, ಮಕ್ಕಳ ಗಾಯವೂ ಕಾಣುತ್ತದೆ. ಬರೆಯುವವರು ತಮ್ಮನ್ನು ಇತರರಿಗಿಂತ ಕಠಿಣವಾಗಿ ನೋಡಿಕೊಂಡಿದ್ದಾರೆಯೇ ಎಂಬುದೇ ನಮ್ಮ ಮಟ್ಟಿಗೆ ಅಳತೆಗೋಲು. ಹಾಗೆ ನೋಡಿಕೊಳ್ಳದ ಬರಹ ದೂರು ಆಗುತ್ತದೆ, ಅಥವಾ ಅನುಕಂಪ ಬೇಡುತ್ತದೆ. ಕಣ್ಣೀರು ಹೆಚ್ಚಾದ ಮಾತ್ರಕ್ಕೆ ಬರಹ ಸಾಹಿತ್ಯವಾಗುವುದಿಲ್ಲ.

ನಮ್ಮ ಪತ್ರಿಕೆಗೆ ಬರುವ ಲೇಖನಗಳಲ್ಲಿ ಪ್ರವಾಸ, ಹಬ್ಬ, ಅಡುಗೆಗೆ ಕೊರತೆಯಿಲ್ಲ, ಅವೂ ಬೇಕು. ಜೊತೆಗೆ, ಇಲ್ಲಿಗೆ ಬಂದ ಮೊದಲ ವರ್ಷ ಹೇಗೆ ಕಳೆಯಿತೆಂಬುದನ್ನು ಯಾರಾದರೂ ಇದ್ದದ್ದು ಇದ್ದ ಹಾಗೆ ಬರೆಯಲಿ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯಲಿ. ನಾಳೆ ನಮ್ಮ ಮಕ್ಕಳು ಕನ್ನಡ ಓದಲು ಕಲಿತರೆ, ಅಪ್ಪ ಅಮ್ಮಂದಿರು ಹೇಗೆ ಬದುಕಿದರೆಂದು ತಿಳಿಯಲು ಅವರಿಗೆ ಸಿಗುವುದು ಇವೇ ಪುಟಗಳು.