ಧಣಿ ಸತ್ತ, ನೀರು ಬಂತು, ಆಮೇಲೆ?

ಅಮೆರಿಕದ ಹಳೇ ಅಗ್ಗದ ಕೌಬಾಯ್ ಚಿತ್ರಗಳ ಕೊನೆ ನಮಗೆ ಮೊದಲೇ ಗೊತ್ತು. ಖಳ ಸೋಲ್ತಾನೆ, ಜಮೀನು ಉಳಿಯುತ್ತೆ, ನಾಯಕಿ ನಗ್ತಾಳೆ. ಗೊತ್ತಿದ್ದೂ ಜನ ಟಿಕೆಟ್ ಕೊಂಡರು. ಇದು ಜನರ ದಡ್ಡತನ ಎನ್ನುವ ಪಂಡಿತರ ಮಾತನ್ನು ನಾವು ಒಪ್ಪುವುದಿಲ್ಲ. ದಿನಾ ಸೋಲುವವನಿಗೆ ಒಂದು ಗಂಟೆಯೊಳಗೆ ಸಿಗುವ ನ್ಯಾಯ ಸಣ್ಣದಲ್ಲ. ಆದರೆ ಆ ನ್ಯಾಯವನ್ನು ಕೊಟ್ಟವರು ಯಾರು ಅಂತ ಕೇಳಲೇಬೇಕು.

1903ರ ‘ದಿ ಗ್ರೇಟ್ ಟ್ರೈನ್ ರಾಬರಿ’ಯಲ್ಲಿ ಕೊನೆ ಇನ್ನೂ ಪಳಗಿರಲಿಲ್ಲ. ದರೋಡೆಕೋರರೆಲ್ಲ ಸತ್ತ ಮೇಲೆ ಅವರ ನಾಯಕ ಪರದೆ ತುಂಬ ಬಂದು, ಪಿಸ್ತೂಲನ್ನು ನೇರ ನೋಡುವವರ ಮುಖಕ್ಕೇ ಹಾರಿಸುತ್ತಾನೆ. ಈ ತುಣುಕನ್ನು ಮೊದಲಿಗಾದರೂ ಹಾಕಿ, ಕೊನೆಗಾದರೂ ಹಾಕಿ ಎಂದು ಎಡಿಸನ್ ಕಂಪನಿಯೇ ಪ್ರದರ್ಶಕರಿಗೆ ಹೇಳಿತ್ತು. ಕೊನೆಗೆ ಹಾಕಿದರೆ ಲೆಕ್ಕ ತೀರಿಲ್ಲ ಎಂದೇ ಅರ್ಥ.

ಮೂವತ್ತು ವರ್ಷದಲ್ಲಿ ಲೆಕ್ಕ ತೀರಿಸುವುದನ್ನು ಕಲಿತರು. 1933ರ ‘ರೈಡರ್ಸ್ ಆಫ್ ಡೆಸ್ಟಿನಿ’ ನೋಡಿ. ಜಾನ್ ವೇಯ್ನ್ ಇನ್ನೂ ದೊಡ್ಡ ತಾರೆಯಾಗಿರದ ಕಾಲ. ಕಿಂಕೇಡ್ ಎಂಬ ಧಣಿ ಕಣಿವೆಯ ನೀರನ್ನು ಹಿಡಿದಿಟ್ಟಿದ್ದಾನೆ. ಅವನು ಹೇಳಿದ ದರ ಕೊಡಬೇಕು, ಇಲ್ಲ ಹೊಲ ಮಾರಿ ಹೋಗಬೇಕು. (ಕೆರೆಯ ಮೆಟ್ಟಿಲಿಂದ ದೂರ ನಿಂತು ಕೊಡ ಒಡ್ಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಕೊನೆಗೆ ವಾಷಿಂಗ್ಟನ್ನಿಂದ ಗುಟ್ಟಾಗಿ ಬಂದ ಸರ್ಕಾರಿ ಮನುಷ್ಯ, ಅಂದರೆ ನಾಯಕ, ಉಪಾಯ ಹೂಡಿ ಧಣಿಯ ಕಡೆಯಿಂದಲೇ ಬಾವಿಗೆ ಡೈನಮೈಟ್ ಇಡಿಸುತ್ತಾನೆ. ಬಾವಿ ಹಾಳಾಗುವ ಬದಲು ನೆಲದೊಳಗಿನ ನೀರು ಉಕ್ಕಿ ಹರಿಯುತ್ತದೆ. ಚೆಂದವಾಗೇ ಇದೆ. ಆದರೆ ಉಪಾಯ ರೈತರದ್ದಲ್ಲ, ಗೆಲುವೂ ಅವರದ್ದಲ್ಲ. ಧಣಿ ಹೋದ, ನೀರಿಗೆ ಬೆಲೆ ಕಟ್ಟುವ ಪದ್ಧತಿ ಹೋಯಿತೇನು? ಈ ರೈತರಿಗಿಂತ ಮೊದಲು ಆ ನೆಲ ಯಾವ ಮೂಲನಿವಾಸಿಗಳದ್ದು? ಪ್ರಶ್ನೆ ಬಾಯಿಗೆ ಬರುವ ಮೊದಲೇ ಚಿತ್ರ ಮುಗಿಯುತ್ತೆ. ಕಾಸು ಕಮ್ಮಿ ಇದ್ದಾಗ ವ್ಯವಸ್ಥೆಯನ್ನು ತೋರಿಸುವುದಕ್ಕಿಂತ ಒಬ್ಬ ಕೆಟ್ಟವನನ್ನು ತೋರಿಸುವುದು ಸಲೀಸು.

1939ರ ‘ದಿ ಬ್ರಾಂಜ್ ಬಕರೂ’ ಚಿತ್ರದ ಕೊನೆಯೂ ಹಂಗೇ. ಆದರೆ ನಾಯಕ ಹರ್ಬ್ ಜೆಫ್ರೀಸ್, ಅವನ ಗೆಳೆಯ, ಖಳ, ಎಲ್ಲರೂ ಕಪ್ಪು ಜನ. ಬಿಳಿಯರ ಪಕ್ಕ ಕೂರಲು ಬಿಡದ ನಾಡಿನಲ್ಲಿ, ಕಪ್ಪು ಜನರ ಥಿಯೇಟರುಗಳಿಗೆಂದೇ ತೆಗೆದದ್ದು. ಇಲ್ಲಿ ಉದ್ಧಾರಕ್ಕೆ ಸರ್ಕಾರದವನು ಬರುವುದಿಲ್ಲ. ಗೆಳೆಯನ ಜಮೀನನ್ನು ಗೆಳೆಯನೇ ಉಳಿಸುತ್ತಾನೆ. ಕೊನೆ ಅದೇ ಸವಕಲು, ಕುದುರೆ ಮೇಲೆ ಕೂತವನು ಬೇರೆ. ಇದೇನು ಮಹಾ ಎನ್ನುವವರು, ಮದುವೆಗಂಡನ್ನು ಕುದುರೆ ಏರಗೊಡದ ಬೀದಿಯಲ್ಲಿ ಬದುಕಿದವರಲ್ಲ.

ಆದರೂ ಒಂದು ಕೊರತೆ. ಆ ಲೋಕದಲ್ಲಿ ಬಿಳಿಯನೇ ಇಲ್ಲ, ಹಾಗಾಗಿ ಅವನ ಅನ್ಯಾಯಕ್ಕೆ ಕೊನೆಯೂ ಇಲ್ಲ. ಥಿಯೇಟರಿನಿಂದ ಹೊರಬಂದರೆ ಅವನು ಬೀದಿಯಲ್ಲೇ ನಿಂತಿದ್ದಾನೆ. ಚಿತ್ರಮಂದಿರದಲ್ಲಿ ಬಣ್ಣ ನೋಡಿ ಬೇರೆ ಕೂರಿಸುವುದನ್ನು ಅಮೆರಿಕದ ಕಾನೂನು ನಿಷೇಧಿಸಿದ್ದು 1964ರಲ್ಲಿ, ಈ ಚಿತ್ರ ಬಂದು 25 ವರ್ಷದ ಮೇಲೆ.